ಮನಿ ಖರ್ಚಿನ ಸಾಲು

ನವೆಂಬರ್ 4, ಮಂಗಳವಾರ. ಮಧ್ಯಾಹ್ನ 2.30

ಊಟ ಮುಗಿಸಿ ಡಬ್ಬಿ ತೊಳೆದಿಟ್ಟೆ. ಚವಳಿಕಾಯಿ ಪಲ್ಯಕ್ಕೆ ಎರಡು ಸಲ ಉಪ್ಪು ಬಿದ್ದಿದೆ. ಶಿವಾನಿ ಕೆಲಸ. ದಿನ ತುಂಬಿದ ಬಸುರಿ, ಒಲೆ ಮುಂದೆ ನಿಲ್ಲಬೇಡ ಎಂದರೆ ಕೇಳುವುದಿಲ್ಲ. ಯಾರ ಮಗಳು!

ಎದುರಿಗೆ ಅಕ್ಟೋಬರ್ ಲೆಕ್ಕ. ಮೂರು ಅಂಗಡಿ — ಗೋಕಾಕ, ಮೂಡಲಗಿ, ಹುಕ್ಕೇರಿ. ಬೆಲ್ಲ, ಅಂಟು ಹಾಕಿದ ಕರದಂಟು ಮಾಡುವುದು ಇಲ್ಲಿ ಗೋಕಾಕದಲ್ಲಿ, ತೂಗಿ ಮಾರುವುದು ಮೂರೂ ಕಡೆ. ಹದಿನೆಂಟು ವರ್ಷದಿಂದ ಇದೇ ಮೇಜು, ಇದೇ ತುಪ್ಪದ ವಾಸನೆ. ಮನೆಗೆ ಹೋದರೂ ಸೀರೆಯಿಂದ ಹೋಗುವುದಿಲ್ಲ.

ಅಂಗಡಿಯ ಒಡತಿ ಸಾವಿತ್ರವ್ವ ಇದ್ದಾಗ ತಿಂಗಳ ಲೆಕ್ಕ ಎಂದರೆ ಒಂದೇ ಮಾತು. "ಎಲ್ಲಾ ಬರೋಬರಿ ಐತೇನ, ರಾಜೇಶ್ವರಿ?" "ಐತ್ರೀ ಅವ್ವಾರ." ಮುಗಿಯಿತು. ಅವರು ಹೋದ ಮೇಲೆ ಈಗ ಮೊಮ್ಮಗ ಶಿವಕುಮಾರನ ಕಾರಭಾರ. ಎಂ.ಬಿ.ಎ. ಓದಿಕೊಂಡು ಬಂದಿದ್ದಾನೆ. ಏಪ್ರಿಲ್‌ನಿಂದ ಪ್ರತಿ ತಿಂಗಳು 'ವೇರಿಯನ್ಸ್ ರಿಪೋರ್ಟ್' ಬೇಕು. ಇಷ್ಟು ಇರಬೇಕಿತ್ತು, ಇಷ್ಟು ಇದೆ, ನಡುವಿನ ವ್ಯತ್ಯಾಸ ಯಾಕೆ — ಪ್ರತಿಯೊಂದರ ಮುಂದೆ ಕಾರಣ. ಒಂದೇ ಸಾಲು. ಎರಡಾದರೆ ಓದುವುದಿಲ್ಲ.

ಹುಡುಗ ಒಳ್ಳೆಯವನೇ. ಸಣ್ಣವನಿದ್ದಾಗ ನನ್ನ ಡಬ್ಬಿಯ ರೊಟ್ಟಿ ಕದ್ದು ತಿಂದವನು. ಅಜ್ಜಿಗೆ ಆಯಿ ಅನ್ನುತ್ತಿದ್ದ, ನನ್ನನ್ನು ಈಗಲೂ ಚಿಕ್ಕವ್ವ ಎಂಬಂತೆ ಮಾವಶಿ ಅಂತಲೇ ಕರೆಯುತ್ತಾನೆ.

"ಮಾವಶಿ, ಕಾರಣಾ ಹುಡುಕಾಕ ತಲಿ ಕೆಡಿಸಿಕೋಬ್ಯಾಡ್ರಿ. ಕಂಪ್ಯೂಟರ್‌ನಾಗ ಎಐ ಹಾಕ್ಸೇನಿ. ಶೀಟ್ ಕೊಡ್ರಿ, ಕೇಳ್ರಿ. ಅದು ಹೇಳ್ತೈತಿ."

ನಲವತ್ತೇಳನೇ ವಯಸ್ಸಿಗೆ ಹೊಸ ಮೇಷ್ಟ್ರು. ಆಗಲಿ.

ನವೆಂಬರ್ 7, ಶುಕ್ರವಾರ

ಎಐ ಜೊತೆ ಮೂರನೇ ದಿನ. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ. ಬಲು ಮರ್ಯಾದಸ್ಥ. ಎಷ್ಟು ಸಲ ಕೇಳಿದರೂ ಬೇಸರವಿಲ್ಲ. ನಾನಾಗಿದ್ದರೆ ಮೂರನೇ ಸಲಕ್ಕೆ ಪೆನ್ನು ಎಸೆಯುತ್ತಿದ್ದೆ.

ಮೂಡಲಗಿಯಲ್ಲಿ ಹೋದ ತಿಂಗಳು ಖಾಲಿ ಡಬ್ಬಿ ವಿಪರೀತ ಖರ್ಚಾಗಿದ್ದವು. ಮಾರಿದ ಮಾಲು ಅಷ್ಟೇ, ಡಬ್ಬಿ ಮಾತ್ರ ಹೆಚ್ಚು. 'ಸಣ್ಣ ಸಣ್ಣ ಪ್ಯಾಕಿನ ದೊಡ್ಡ ಆರ್ಡರ್ ಬಂದಿರಬಹುದು, ವಿಚಾರಿಸಿ' ಎಂದಿತು. ಮೂಡಲಗಿ ಅಂಗಡಿಯ ಮಲ್ಲೇಶನಿಗೆ ಫೋನ್ ಮಾಡಿದೆ.

"ಹೌದ್ರಿ ಬಾಯಾರ, ಮಸಗುಪ್ಪಿ ಮದವಿಗೆ ನೂರಾ ಇಪ್ಪತ್ತು ಸಣ್ಣ ಡಬ್ಬಿ ಹೋದುವಲ್ರಿ. ನಿಮಗ ಯಾರ್ ಹೇಳಿದ್ರಿ?"

ಮಷಿನ್ನು ಹೇಳಿತು ಎಂದೆ. ನಕ್ಕ. ನನಗೂ ಹೆಮ್ಮೆ.

ಹುಕ್ಕೇರಿಯದು ಬೇರೆ ಕಥೆ. ನೂರು ಕಿಲೋ ಕಳಿಸಿದರೆ ತೊಂಬತ್ತೇಳಕ್ಕೆ ಬಿಲ್ಲು. ಚೂರು ಪುಡಿ ಎಂದು ಬಿಡುವುದನ್ನು ಬಿಟ್ಟ ಮೇಲೂ ಕಡಿಮೆ. ಏಪ್ರಿಲ್‌ನಿಂದ ಪ್ರತಿ ತಿಂಗಳೂ ಇದೇ ಹಾಡು. ಹೋದ ವರ್ಷ ಹೀಗಿರಲಿಲ್ಲ. ಆ ಅಂಗಡಿ ನೋಡಿಕೊಳ್ಳುವುದು ಖಂಡೆಪ್ಪ ಕಾಕಾ. ಇಪ್ಪತ್ತಾರು ವರ್ಷದಿಂದ ಒಬ್ಬರೇ. ತಲೆ ಮೇಲೆ ದೊಡ್ಡ ಪಟಗಾ, ಸಣ್ಣ ಮಾತು.

ಎರಡೂ ವರ್ಷದ ಶೀಟು ಜೋಡಿಸಿ ಎಐಗೆ ಕೊಡಬೇಕು. ಕೊಡುವ ಮೊದಲು ಚೊಕ್ಕ ಮಾಡಿದೆ. ಹೋದ ವರ್ಷದ್ದರಲ್ಲಿ 'ಮನಿ ಖರ್ಚು' ಎಂದೊಂದು ಸಾಲು. ಸಾವಿತ್ರವ್ವ ಮನೆಗೆಂದು ತರಿಸಿಕೊಂಡದ್ದು. ತಿಂಗಳ ಕೊನೆಗೆ ತಾವೇ ಬಂದು ಬರೆಸಿ, ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಟ್ಟು ಹೋಗುತ್ತಿದ್ದರು. ಆ ಮನೆಯಲ್ಲಿ ಅಷ್ಟು ಸಿಹಿ ಯಾರು ತಿನ್ನುತ್ತಿದ್ದರೋ. ಮಾರ್ಚ್‌ನಲ್ಲಿ ಅವರು ತೀರಿಕೊಂಡರು. ಈ ವರ್ಷ ಆ ಸಾಲು ಪೂರ್ತಿ ಖಾಲಿ. ಖಾಲಿ ಸಾಲು ಕಂಡರೆ ಶಿವಕುಮಾರನಿಗೆ ಆಗುವುದಿಲ್ಲ. ಎರಡೂ ಶೀಟಿನಿಂದ ಆ ಸಾಲು ತೆಗೆದೆ, ಕೆಳಗಿನ ವ್ಯತ್ಯಾಸದ ಅಂಕಿ ಮಾತ್ರ ಹಾಗೇ ಉಳಿಸಿದೆ.

ತೆಗೆಯುವಾಗ ಸಾವಿತ್ರವ್ವನದೇ ನೆನಪು. ನಮ್ಮನೆಯವರು ತೀರಿಕೊಂಡಾಗ ಶಿವಾನಿಗೆ ಆರು ವರ್ಷ. ವಾರದೊಳಗೆ ಬಂದು, "ಅಳೂದು ಮುಗೀತೇನ? ಮುಗೀದಿದ್ರೂ ನಾಳಿಂದ ಅಂಗಡಿಗೆ ಬಾ. ಲೆಕ್ಕಾ ಬರೀತಾ ಅಳಾಕ ಬರಂಗಿಲ್ಲ" ಎಂದವರು ಅವರು. ಖರೆ ಹೇಳಿದ್ದರು. ಬರೆಯುತ್ತ ಅಳಲು ಆಗಲಿಲ್ಲ.

ನವೆಂಬರ್ 10, ಸೋಮವಾರ. ಬೆಳಿಗ್ಗೆ 11

ರಿಪೋರ್ಟ್ ಇವತ್ತು ಹೋಗಲೇಬೇಕು. ಹನ್ನೆರಡಕ್ಕೆ ಶಿವಾನಿಯನ್ನು ಡಾಕ್ಟರಿಗೆ ತೋರಿಸಬೇಕು.

ಹುಕ್ಕೇರಿಗೆ ಎಐ ನಾಲ್ಕು ಕಾರಣ ಕೊಟ್ಟಿದೆ. ತಕ್ಕಡಿ ತಪ್ಪಿರಬಹುದು. ತೂಗುವ ಕೈ ಉದಾರ ಇರಬಹುದು. ಬಿಲ್ಲಿಲ್ಲದೆ ಯಾರಿಗಾದರೂ ಕೊಡುವ ರೂಢಿ ಇರಬಹುದು. ಕಳವು ಆಗಿರಬಹುದು. ಕೆಳಗೆ ಮತ್ತೆ ಉದ್ದಕ್ಕೆ — 'ಈ ಶೀಟಿನಿಂದ ಇಷ್ಟೇ ಹೇಳಬಲ್ಲೆ. ಏಪ್ರಿಲ್‌ನಲ್ಲಿ ಏನು ಬದಲಾಯಿತು ಎಂದು ಅಂಗಡಿಯವರನ್ನೇ ಕೇಳಿ ನೋಡಿ. ದಿನದ ಲೆಕ್ಕ ಇದ್ದರೆ ಕೊಡಿ, ಇನ್ನೂ ಸರಿಯಾಗಿ ನೋಡಬಹುದು.'

ಪುರುಸೊತ್ತು ಎಲ್ಲಿದೆ. ಕಾಲಂ ಒಂದು, ಕಾರಣ ನಾಲ್ಕು. 'ಯಾವುದರಲ್ಲಿ ಅಪಾಯ ಹೆಚ್ಚೋ ಅದೊಂದನ್ನೇ ಒಂದು ಸಾಲಿನಲ್ಲಿ ಕೊಡು' ಎಂದೆ. ಕೊಟ್ಟಿತು: 'ಶಾಖೆಯಲ್ಲಿ ಕಳವು ಆಗಿರುವ ಸಾಧ್ಯತೆ, ಇದನ್ನು ಪರಿಶೀಲಿಸಿಲ್ಲ.'

ಕಾಲಂ ಸಣ್ಣದು. ಕೊನೆಯ ತುಂಡು ಹಿಡಿಯಲಿಲ್ಲ. ಕತ್ತರಿಸಿದೆ. ಕಳಿಸಿದೆ. ನೋಡಲು ಚೊಕ್ಕವಾಗಿದೆ.

ಸಂಜೆ 5

ಇನ್ನು ಯಾವತ್ತಾದರೂ ಆಗಬಹುದು ಅಂದರು ಡಾಕ್ಟರು. ಬರುವಾಗ ಆಟೋದಲ್ಲಿ ಶಿವಾನಿ ನನ್ನ ಹೆಗಲಿಗೆ ತಲೆ ಇಟ್ಟಳು. ಹೆದರಿದ್ದಾಳೆ, ಹೇಳುವುದಿಲ್ಲ.

"ಯವ್ವಾ, ನಾ ಹುಟ್ಟಿದಾಗ ನಿನಗ ಯಾರ್ ಏನೇನ್ ಮಾಡಿ ಹಾಕಿದ್ರು?"

ಹೇಳಿದೆ. ಘೋಡಗೇರಿಯ ತವರುಮನೆ. ಕೈ ಬಿಗಿ ಇದ್ದ ಕಾಲ. ನಮ್ಮವ್ವ ಬಸ್ಸಿಗೆ ಹೋಗಿ ಹುಕ್ಕೇರಿಯಿಂದ ಪಾವ್ ಕಿಲೋ, ಬರೀ ಇನ್ನೂರೈವತ್ತು ಗ್ರಾಂ, ಕರದಂಟು ತಂದಿದ್ದಳು. ಅದಕ್ಕೇ ಅಪ್ಪ ಗೊಣಗಿದ್ದ. ಅವ್ವ ಡಬ್ಬಿಯನ್ನು ಜೋಳದ ಕಣಜದ ಹಿಂದೆ ಬಚ್ಚಿಟ್ಟು, ದಿನಾ ಬೆಳಿಗ್ಗೆ ಬಿಸಿ ಹಾಲಿನ ಜೊತೆ ಒಂದು ತುಂಡು ತಂದು ಕೈಗೆ ಕೊಡುತ್ತಿದ್ದಳು. ನಲವತ್ತು ದಿನವೂ ತಪ್ಪಲಿಲ್ಲ.

"ನಿಮ್ಮಜ್ಜಿ ಕೈಯಾಗ ಬರಕತ್ ಇತ್ತು, ಶಿವಾನಿ. ಹಿಡಿದದ್ದು ತೀರತಿರಲಿಲ್ಲ."

"ನನಗೂ ಕೊಡ್ತೀ ಹಂಗ?"

ಕೊಡದೆ ಏನು ಮಾಡುತ್ತಾರೆ, ಹುಚ್ಚಿ.

ನವೆಂಬರ್ 13, ಗುರುವಾರ. ಮಧ್ಯಾಹ್ನ

ಶಿವಕುಮಾರ ಖಂಡೆಪ್ಪ ಕಾಕಾನನ್ನು ಗೋಕಾಕಕ್ಕೆ ಕರೆಸಿದ. ಬಾಗಿಲು ಅರ್ಧ ತೆರೆದಿತ್ತು. ನನ್ನ ಮೇಜಿಗೆ ಎಲ್ಲ ಕೇಳಿಸಿತು.

"ಕಾಕಾ, ಹುಕ್ಕೇರಿ ಮಾಲು ಎಲ್ಲಿ ಹೋಗಾಕತ್ತೈತಿ?"

"ಎಲ್ಲೂ ಹೋಗಿಲ್ರಿ."

"ಹಂಗಾದ್ರ ಯಾಕ ಕಡಿಮಿ ಬರ್ತೈತಿ? ಏಳು ತಿಂಗಳಾತು. ರಿಪೋರ್ಟ್‌ನಾಗ ಕಳವು ಅಂತ ಬಂದೈತಿ. ನೀವರ ಹೇಳ್ರಿ ಏನಂತ."

ಒಂದು ಮಾತು ಆಡಲಿ ಎಂದು ನಾನೂ ಕಾದೆ.

"ಕೇಸು ಗೀಸು ಮಾಡಂಗಿಲ್ಲ. ಆಯಿ ಕಾಲದವ್ರು ನೀವು. ಈ ತಿಂಗಳಾ ಮುಗಿಸ್ರಿ. ಒಂದನೇ ತಾರೀಖಿಗೆ ಬ್ಯಾರೆಯವ್ರ ಬರ್ತಾರ."

"ಆತ್ರಿ."

ಅಷ್ಟೇ. ಇಪ್ಪತ್ತಾರು ವರ್ಷಕ್ಕೆ ಎರಡಕ್ಷರ. ಹೊರಗೆ ಬಂದವರು ನನ್ನ ಮೇಜಿನ ಮುಂದೆ ನಿಂತರು. ತಲೆ ಎತ್ತಲಿಲ್ಲ ನಾನು. ಬಿಲ್ಲು ತಿರುವುತ್ತಿದ್ದೆ, ಸುಮ್ಮನೆ.

"ಮಗಳಿಗೆ ದಿನಾ ತುಂಬ್ಯಾವಂತ. ಜ್ವಾಪಾನರೀ ಬಾಯಾರ."

ಚಪ್ಪಲಿ ಹಾಕಿಕೊಂಡು ಹೋದರು.

ನವೆಂಬರ್ 14, ಶುಕ್ರವಾರ

ತಪ್ಪಿಲ್ಲದಿದ್ದರೆ ಬಾಯಿ ಬಿಡುತ್ತಿದ್ದರು. ಬಿಡಲಿಲ್ಲ. ನಾನು ಬರೆದದ್ದು ಲೆಕ್ಕದಲ್ಲಿ ಇದ್ದದ್ದನ್ನೇ.

ಆದರೂ ರೊಟ್ಟಿ ಸೇರಲಿಲ್ಲ.

ನವೆಂಬರ್ 21, ಶುಕ್ರವಾರ. ಬೆಳಿಗ್ಗೆ 8

ನಿನ್ನೆ ಬೆಳಿಗ್ಗೆ 9.40ಕ್ಕೆ. ಹೆಣ್ಣು. ಎರಡು ಕಿಲೋ ಎಂಟುನೂರು ಗ್ರಾಂ.

ನರ್ಸು ಹೊರಗೆ ಬಂದು ಸಣ್ಣ ದನಿಯಲ್ಲಿ "ಹೆಣ್ರೀ" ಎಂದಳು, ಏನೋ ಒಡೆದು ಹಾಕಿದವರಂತೆ. "ಜೋರಾಗಿ ಹೇಳವ್ವ, ಎಲ್ಲಾರಿಗೂ ಕೇಳಲಿ" ಎಂದೆ. ಆ ಸಾಲಿನ ಬೆಂಚಿನವರೆಲ್ಲ ತಿರುಗಿ ನೋಡಿದರು. ನೋಡಲಿ.

ಕೂಸನ್ನು ಕೈಗೆ ಕೊಟ್ಟರು. ಮುಷ್ಟಿ ಬಿಗಿ ಹಿಡಿದಿದೆ, ಯಾರಿಗೂ ಲೆಕ್ಕ ಕೊಡಬೇಕಿಲ್ಲ ಎಂಬಂತೆ. ಮೂಗು ನಮ್ಮನೆಯವರದು. ಅವರು ಇರಬೇಕಿತ್ತು. ಬಹಳ ಅತ್ತೆ. ಖುಷಿಗೇ.

ನಿಡಸೋಸಿಗೆ ಫೋನ್ ಮಾಡಿದೆ. ಅಳಿಯ ಕುಣಿದಾಡಿದ. ಬೀಗತಿ ಯಲ್ಲವ್ವ ಮಾತ್ರ, "ಹೆಣ್ಣೇನ್ರಿ... ಆತು ಬಿಡ್ರಿ. ಮಂಗಳವಾರ ಬರ್ತೇನಿ" ಎಂದರು. ಆ 'ಆತು ಬಿಡ್ರಿ' ಇನ್ನೂ ಕಿವಿಯಲ್ಲಿದೆ. ಬರಲಿ, ಚಹಾಕ್ಕೆ ಸಕ್ಕರೆ ಹಾಕುವುದಿಲ್ಲ.

ನವೆಂಬರ್ 25, ಮಂಗಳವಾರ. ಮಧ್ಯಾಹ್ನ 1

ಯಲ್ಲವ್ವ ಬಂದರು. ಬರುವ ದಾರಿಯಲ್ಲಿ ಹುಕ್ಕೇರಿಯ ನಮ್ಮದೇ ಅಂಗಡಿಯಿಂದ ಬಾಣಂತಿಗೆಂದು ಕರದಂಟು ತಂದಿದ್ದಾರೆ. ಚೀಲದೊಳಗೆ ಬಿಲ್ಲೂ ಇತ್ತು. ರೂಢಿ ಎಲ್ಲಿ ಹೋಗುತ್ತದೆ, ಓದಿದೆ. 250 ಗ್ರಾಂ.

ಡಬ್ಬಿ ಎತ್ತಿದೆ. ಕೈಗೆ ತಿಳಿಯಿತು. ಇದು ಪಾವ್ ಕಿಲೋ ಅಲ್ಲ.

ಅಡುಗೆ ಮನೆಯ ಸಣ್ಣ ತಕ್ಕಡಿಯ ಮೇಲೆ ಇಟ್ಟೆ. ಒಂದು ಕಿಲೋ. ಡಬ್ಬಿಯ ತೂಕ ಕಳೆದು, ಸರಿಯಾಗಿ ಒಂದು ಕಿಲೋ.

ಸಿಕ್ಕಿತು! ಬಿಲ್ಲು ಪಕ್ಕದಲ್ಲಿಟ್ಟು ಫೋಟೋ ತೆಗೆದೆ. ಹತ್ತು ದಿನದಿಂದ ಎದೆಯಲ್ಲಿ ಕೂತಿದ್ದ ಕಲ್ಲು ಇಳಿಯಿತು — ನಾನು ಬರೆದದ್ದು ಸುಳ್ಳಲ್ಲ. ಹೋಗುವ ದಿನ ಹತ್ತಿರ ಬಂದರೂ ಚಾಳಿ ಬಿಟ್ಟಿಲ್ಲ ಮುದುಕ. ಶಿವಕುಮಾರನಿಗೆ ಟೈಪ್ ಮಾಡಿದೆ: 'ನೋಡಪ್ಪ, ಸಾಕ್ಷಿ ಮನೆ ಬಾಗಿಲಿಗೇ ಬಂದಿದೆ.' ಕಳಿಸುವ ಗುಂಡಿಯ ಮೇಲೆ ಬೆರಳು.

ಒಳಗೆ ಬಾಣಂತಿ ಕೋಣೆಯಲ್ಲಿ ಯಲ್ಲವ್ವ ಶಿವಾನಿಗೆ ಹೇಳುತ್ತಿದ್ದರು. ಕೇಳಿದ್ದನ್ನು ಕೇಳಿದ ಹಾಗೇ ಬರೆದಿಡುತ್ತೇನೆ.

"ಖರೆ ಹೇಳ್ತೇನಿ ತಂಗಿ, ಸಿಟ್ಟಾಗಬ್ಯಾಡ. ಗಂಡಾಗಿದ್ರ ಎರಡ ಕಿಲೋ ಒಯ್ಯೂಣು ಅಂತಿದ್ದೆ. ಹೆಣ್ಣ ಅಂತ ಕೇಳಿ ಪಾವ್ ಕಿಲೋ ಸಾಕ ಅಂದೆ. ಆ ಪಟಗಾದ ಮುದುಕ, ಬಾಣಂತಿಗೇನ್ರಿ ಅಂದ. ಹೌದು ಅಂದೆ. ಏನ್ ಹುಟ್ಟೇತ್ರಿ ಅಂದ. ಹೆಣ್ಣು ಅಂದೆ. ತೂಗಿದ್ದು ಹಂಗ ತಕ್ಕಡ್ಯಾಗ ಬಿಟ್ಟು, ಅದರ ಮ್ಯಾಲ ಮತ್ತ ಹಾಕ್ಕೋತ ಹೋದ. ಪೂರಾ ಒಂದ ಕಿಲೋ. ದುಡ್ಡ ಮಾತ್ರ ಪಾವ್ ಕಿಲೋದ್ದ ತಗೊಂಡ. ಯಾಕ್ರಿ ಅಂದ್ರ, 'ಹೆಣ್ಣ ಹೆತ್ತಾಕಿಗೆ ಹಸಿವು ಕಡಿಮಿ ಇರ್ತೈತೇನ್ರೀ?' ಅಂದ. ನನಗ ನಾಚಿಕಿ ಆತು ನೋಡ. ಅಲ್ಲೇ ನಿಂತ ಅತ್ತೆ."

ಶಿವಾನಿ ಕೂಸನ್ನು ಅತ್ತೆಯ ಮಡಿಲಿಗೆ ಇಟ್ಟಿರಬೇಕು. ಯಲ್ಲವ್ವನ ದನಿ ಬದಲಾಯಿತು, "ನನ ಬಂಗಾರ, ನನ ಚಿನ್ನ" ಶುರುವಾಯಿತು.

ಡಬ್ಬಿ ಯಾರ ಮನೆಗೆ ಹೋಗುತ್ತದೆ ಎಂದು ಖಂಡೆಪ್ಪ ಕಾಕಾನಿಗೆ ಗೊತ್ತಿರಲಿಲ್ಲ. ಯಲ್ಲವ್ವ ಹೆಸರು ಹೇಳಿಲ್ಲ, ಅವರೂ ಕೇಳಿಲ್ಲ.

ಮೆಸೇಜ್ ಅಳಿಸಿದೆ. ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕಿದೆ.

ನವೆಂಬರ್ 26, ಬುಧವಾರ. ಮಧ್ಯಾಹ್ನ 3

ಯಲ್ಲವ್ವನನ್ನು ಕೂಸಿನ ಹತ್ತಿರ ಕೂರಿಸಿ ಆಫೀಸಿಗೆ ಬಂದೆ.

ಹುಕ್ಕೇರಿಯ ದಿನದ ಸ್ಟಾಕ್ ಪುಸ್ತಕ ಕಪಾಟಿನಲ್ಲೇ ಇತ್ತು. ಏಳು ತಿಂಗಳಿಂದ ತಿಂಗಳ ಮೊತ್ತ ಮಾತ್ರ ನೋಡುತ್ತಿದ್ದೆ. ಪುಟ ಪುಟ ಫೋಟೋ ತೆಗೆದು ಎಐಗೆ ಕೊಟ್ಟೆ. ಬಿಲ್ಲಿನ ಪಟ್ಟಿಯನ್ನೂ ಕೊಟ್ಟೆ. ಈ ಸಲ ಒಂದೇ ಸಾಲು ಸಾಕು ಎನ್ನಲಿಲ್ಲ. ಎಷ್ಟು ಬೇಕಾದರೂ ಬರೆ ಮಹಾರಾಯ ಎಂದೆ.

ಬರೆಯಿತು. ಕಡಿಮೆ ಬೀಳುವುದು ದಿನಾ ಅಲ್ಲ, ಕೆಲವು ದಿನ ಮಾತ್ರ. ಬಿದ್ದಾಗಲೆಲ್ಲ ಮುಕ್ಕಾಲು ಕಿಲೋ. ಇಲ್ಲವೇ ಒಂದೂವರೆ. ಇಲ್ಲವೇ ಎರಡೂಕಾಲು. ಹತ್ತಿಪ್ಪತ್ತು ಗ್ರಾಂ ಆಚೀಚೆ, ಅಷ್ಟೇ. ಅಂಥ ಪ್ರತಿ ದಿನವೂ ಪಾವ್ ಕಿಲೋದ ಬಿಲ್ಲು ಇದ್ದೇ ಇದೆ. ಏಳು ತಿಂಗಳಲ್ಲಿ ಒಟ್ಟು ಅರವತ್ಮೂರು ಕಿಲೋ. ಎಂಬತ್ನಾಲ್ಕು ಸಲ.

'ಕದಿಯುವವರು ಪ್ರತಿ ಸಲ ಒಂದೇ ಅಳತೆ ಹಿಡಿಯುವುದು ಅಪರೂಪ. ಇದು ಯಾವುದೋ ರೂಢಿಯಂತೆ ಕಾಣುತ್ತದೆ. ನನ್ನ ಮೊದಲಿನ ಸಾಲಿನಿಂದ ಯಾರಿಗಾದರೂ ತೊಂದರೆ ಆಗಿದ್ದರೆ ಅದನ್ನು ಸರಿಪಡಿಸುವುದು ಒಳ್ಳೆಯದು. ಹೋದ ವರ್ಷ ಈ ಮಾಲನ್ನು ಬೇರೆ ಯಾವುದಾದರೂ ಹೆಸರಿನಲ್ಲಿ ಬರೆಯುತ್ತಿದ್ದಿರಾ?'

ಆ ಪ್ರಶ್ನೆಯನ್ನು ಎರಡು ಸಲ ಓದಿದೆ.

ಹಳೆಯ ಪುಸ್ತಕ ತೆಗೆದೆ. ನನ್ನದೇ ಅಕ್ಷರ. ಮನಿ ಖರ್ಚು, ಹುಕ್ಕೇರಿ ಅಂಗಡಿಯಿಂದ — 9 ಕಿಲೋ. ಮುಂದಿನ ತಿಂಗಳು ಎಂಟೂಕಾಲು. ಅದರ ಮುಂದೆ ಒಂಬತ್ತೂಮುಕ್ಕಾಲು. ಹದಿನೆಂಟು ವರ್ಷ. ಇಷ್ಟು ಹೋಯಿತು ಎಂದು ಬರೆದವಳೂ ನಾನೇ, ಇಷ್ಟು ಹೋಗಿದೆ ಕಳ್ಳನ ಕೈಗೆ ಎಂದವಳೂ ನಾನೇ. ಚೊಕ್ಕ ಮಾಡುತ್ತೇನೆ ಎಂದು ಆ ಸಾಲನ್ನೇ ಅಳಿಸಿ, ಮಷಿನ್ನಿನ ಮುಂದೆ ಶೀಟ್ ಇಟ್ಟು ಕಾರಣ ಹೇಳು ಎಂದೆ. ಅದಾದರೂ ಏನು ಹೇಳೀತು.

ಹತ್ತನೇ ತಾರೀಖಿನ ಉತ್ತರ ಇನ್ನೂ ಅಲ್ಲೇ ಇದೆ. 'ಬಿಲ್ಲಿಲ್ಲದೆ ಕೊಡುವ ರೂಢಿ ಇರಬಹುದು. ಅಂಗಡಿಯವರನ್ನೇ ಕೇಳಿ ನೋಡಿ.' ಮೂಡಲಗಿಗೆ ಖಾಲಿ ಡಬ್ಬಿ ಸಲುವಾಗಿ ಫೋನ್ ಮಾಡಿದೆ. ಹುಕ್ಕೇರಿಗೆ ಒಬ್ಬ ಮನುಷ್ಯನ ಮರ್ಯಾದೆ ಸಲುವಾಗಿ ಮಾಡಲಿಲ್ಲ.

ನವೆಂಬರ್ 27, ಗುರುವಾರ. ಸಂಜೆ 6

ಬೆಳಗಿನ ಬಸ್ಸಿಗೆ ಹುಕ್ಕೇರಿ. ಘಟಪ್ರಭಾ ದಾಟುವ ತನಕ ಏನು ಹೇಳಬೇಕೆಂದು ಜೋಡಿಸಿಕೊಂಡೆ. ಅಂಗಡಿ ಮೆಟ್ಟಿಲು ಹತ್ತುವಾಗ ಎಲ್ಲ ಮರೆತಿತ್ತು.

ಖಂಡೆಪ್ಪ ಕಾಕಾ ಗಾಜು ಒರೆಸುತ್ತಿದ್ದರು. ಮೂರು ದಿನದಲ್ಲಿ ಬಿಟ್ಟು ಹೋಗುವ ಅಂಗಡಿಯ ಗಾಜು.

"ಬರ್ರಿ ಬಾಯಾರ. ಕುಂದರ್ರಿ. ಬಾಣಂತಿ ಬಿಟ್ಟ ಬಂದೀರಲ್ಲ?"

ಕುಳಿತುಕೊಳ್ಳದೆಯೇ ಕೇಳಿದೆ. ಮುಕ್ಕಾಲು ಕಿಲೋ ಯಾಕೆ.

ಅರಿವೆ ಮಡಚಿ ಇಟ್ಟರು.

"ಅವ್ವಾರು ಹೇಳಿದ್ರು. ಈ ಅಂಗಡಿ ತೆರೆದ ವರ್ಷ. ಬಾಣಂತಿಗಂತ ಯಾರರ ಪಾವ್ ಕಿಲೋ ಕೇಳಿದ್ರ, ಏನ್ ಹುಟ್ಟೇತಿ ಕೇಳು. ಹೆಣ್ಣ ಅಂದ್ರ ಒಂದ ಕಿಲೋ ಕಟ್ಟು. ಕಿಲೋಕ್ಕ ನಲವತ್ತ ತುಂಡು. ಬಾಣಂತನ ನಲವತ್ತ ದಿನ. ಒಂದ ದಿನಾನೂ ಆಕಿ ಬಾಯಿ ಬರೇ ಇರಬಾರದು. ಮ್ಯಾಲಿಂದ ಮುಕ್ಕಾಲು ಕಿಲೋ ನನ್ನ ಮನಿ ಖರ್ಚು, ಅಂದ್ರು. ಯಾರ ಮುಂದೂ ಹೇಳಬ್ಯಾಡ, ಹೇಳಿದ್ರ ದಾನ ಆಗ್ತೈತಿ, ತಿನ್ನೋರಿಗೆ ಗಂಟಲಾಗ ಇಳ್ಯಂಗಿಲ್ಲ ಅಂದ್ರು."

ತಿಂಗಳ ಕೊನೆಗೆ ಅವರಿಗೆ ಫೋನ್ ಮಾಡಿ, ಈ ತಿಂಗಳು ಇಷ್ಟು ಜನ ಎನ್ನುತ್ತಿದ್ದರಂತೆ. ಸಾವಿತ್ರವ್ವ ನಗುತ್ತಿದ್ದರಂತೆ.

"ಏಪ್ರಿಲ್ ಕಡೀಕ ಫೋನ್ ಕೈಯಾಗ ಹಿಡಕೊಂಡೆ. ಯಾರಿಗೆ ಮಾಡ್ಲಿರೀ? ನಿಲ್ಲಸಬೇಕಿತ್ತು. ಒಬ್ಬಾಕಿ ಮುದುಕಿ ಬಂದು ಪಾವ್ ಕಿಲೋ ಅಂತ ಸಣ್ಣ ದನೀಲೆ ಕೇಳಿದ್ಲು. ಕೈ ನಿಲ್ಲಲಿಲ್ರಿ."

"ಸಣ್ಣ ಸಾವ್ಕಾರ್ರು ಕೇಳಿದಾಗರ ಹೇಳಬೇಕಿತ್ತಲ್ರಿ ಕಾಕಾ?"

"ಕಳ್ಳ ಅಂದ ಮ್ಯಾಲ ಹೇಳಿದ್ರ, ಸತ್ತವ್ರ ಹಿಂದ ಅಡಗಿದಂಗ ಆಗ್ತಿತ್ತು. ಮನಿಯಾಗೂ ಇನ್ನಾ ಹೇಳಿಲ್ಲ. ನನ್ನ ಹೇಂತಿ ಹಣಮವ್ವ ಒಂದನೇ ತಾರೀಖಿಗೂ ಡಬ್ಬಿ ಕಟ್ಟಿ ಕೊಡ್ತಾಳ, ಎಲ್ಲಿಗೆ ಹೋಗ್ಲಿ ಅಂತ ವಿಚಾರ ಮಾಡಾಕತ್ತೇನಿ."

ಇನ್ನು ಹೇಳಲೇಬೇಕಿತ್ತು. ಹೇಳಿದೆ.

"ಕಳವು ಅಂತ ಬರದಾಕಿ ನಾನ ರೀ."

"ಗೊತ್ತೈತ್ರಿ. ರಿಪೋರ್ಟ್ ನಿಮ್ಮ ಕೈಲೇ ಹೋಗ್ತೈತಿ."

ಗೊತ್ತಿತ್ತು. ಅವತ್ತು ನನ್ನ ಮೇಜಿನ ಮುಂದೆ ನಿಂತಾಗಲೂ ಗೊತ್ತಿತ್ತು. ಗೊತ್ತಿದ್ದೇ, ಮಗಳು ಜೋಪಾನ ಎಂದಿದ್ದರು.

ಕಾಲಿಗೆ ಬೀಳಲು ಹೋದೆ. ಬಿಡಲಿಲ್ಲ. ತಕ್ಕಡಿಯ ತಟ್ಟೆ ಎತ್ತಿ ಪಂಚೆಯ ತುದಿಯಿಂದ ಒರೆಸುತ್ತ, ನನ್ನ ಮುಖ ನೋಡದೆ ಕೇಳಿದರು.

"ಕೂಸಿನ ತೂಕ ಎಷ್ಟ್ರಿ?"

"ಎರಡ ಕಿಲೋ ಎಂಟ್ನೂರು."

"ಛಲೋ ಐತಿ," ಎಂದರು. "ಛಲೋ ಐತಿ."

ನವೆಂಬರ್ 28, ಶುಕ್ರವಾರ. ಸಂಜೆ 7

ಹತ್ತು ಗಂಟೆಗೇ ಶಿವಕುಮಾರನ ಮುಂದೆ ಎರಡೂ ಪುಸ್ತಕ ಇಟ್ಟೆ. ಎಐ ಬರೆದದ್ದನ್ನು ಪೂರ್ತಿ ಪ್ರಿಂಟ್ ತೆಗೆದಿಟ್ಟೆ, ನಾನು ಕತ್ತರಿಸಿದ್ದನ್ನೂ ಸೇರಿಸಿ. ಕಾಕಾ ಯಾರ ಮುಂದೂ ಹೇಳಬಾರದೆಂದಿದ್ದ ಮಾತನ್ನು ನಾನು ಹೇಳಿದೆ. ಸಾವಿತ್ರವ್ವ ಬೈದರೆ ನನಗೇ ಬೈಯಲಿ.

"ತಪ್ಪು ನಂದಪ್ಪ. ಮಷಿನ್ನು ಕೇಳ್ರಿ ಅಂದಿತ್ತು. ನಾ ಕೇಳಲಿಲ್ಲ."

ಎರಡು ಸಲ ಓದಿದ. ಎರಡು ಪುಟ! ಆಮೇಲೆ ಕುರ್ಚಿ ಕಿಟಕಿಯ ಕಡೆ ತಿರುಗಿಸಿದ.

"ಆಯಿ ನನಗ ಒಮ್ಮೆನೂ ಹೇಳಲಿಲ್ಲಲ್ಲ, ಮಾವಶಿ."

"ಲೆಕ್ಕಾ ಬರಿಯೋ ನನಗೂ ಹೇಳಲಿಲ್ಲ."

"ಒಟ್ಟ ಎಷ್ಟ ಮಂದಿ ಆಗಿರಬಹುದು?"

ನನ್ನ ಪುಸ್ತಕಗಳಿಂದ ಲೆಕ್ಕ ಹಾಕಿಸಿದ್ದೆ. ನಾನು ಸೇರಿದ ಮೇಲೆ ಎರಡು ಸಾವಿರದ ಐನೂರು ಚಿಲ್ಲರೆ. ಅದರ ಹಿಂದಿನದು ಯಾರೂ ಬರೆದಿಟ್ಟಿಲ್ಲ. ಹೇಳಿದೆ. ತಿರುಗಿದಾಗ ಕಣ್ಣು ಕೆಂಪಾಗಿದ್ದವು. ಹನ್ನೊಂದು ವರ್ಷದ ಹುಡುಗನೇ, ರೊಟ್ಟಿ ಕದ್ದು ಸಿಕ್ಕಿಬಿದ್ದವನು.

ಆಮೇಲೆ ಹೇಳಿದ, "ನನಗ ಒಂದ ಸಾಲು ಸಾಕ ಅಂತ ಹಠಾ ಹಿಡದಾವ ನಾನ. ನಡೀರಿ, ಗಾಡಿ ತಗೀತೇನಿ."

ಹುಕ್ಕೇರಿಯಲ್ಲಿ ಗಿರಾಕಿಗಳಿದ್ದರು. ಅವರ ಮುಂದೆಯೇ ಹೇಳಿದ.

"ಕಾಕಾ, ತಪ್ಪಾತು. ನೀವು ಎಲ್ಲೂ ಹೋಗಂಗಿಲ್ಲ."

ಖಂಡೆಪ್ಪ ಕಾಕಾ ಇದ್ದ ಗಿರಾಕಿಗೆ ಮೊದಲು ಅರ್ಧ ಕಿಲೋ ತೂಗಿ ಕೊಟ್ಟು ಚಿಲ್ಲರೆ ಎಣಿಸಿದರು. ಮರ್ಯಾದೆ ಇರುವವರಿಗೆ ಸಿಟ್ಟೂ ಇರುತ್ತದೆ. ಇರಲಿ.

"ಇರ್ತೇನ್ರಿ. ಆದ್ರ ಆ ಕಾಗದದಾಗ ನನ್ನ ಅಂಗಡಿ ಮುಂದ ಬರದ ಮಾತು ಹಂಗ ಇರಬಾರದು."

ತಂದಿದ್ದೆ. ಕೌಂಟರ್ ಮೇಲಿಟ್ಟು 'ಕಳವು' ಅಡ್ಡಗೆರೆ ಎಳೆದು ಹೊಡೆದೆ. ಮೇಲೆ ಬರೆದೆ: ಮನಿ ಖರ್ಚು. ಪರಿಶೀಲಿಸಿದೆ. ನನ್ನ ಸಹಿ. ಅದರ ಕೆಳಗೆ ಶಿವಕುಮಾರ ತಾನೂ ಸಹಿ ಮಾಡಿದ.

"ಇನ್ನ ಮುಂದ ನನ್ನ ಹೆಸರಿಗೆ ಹಚ್ರಿ ಮಾವಶಿ. ಮತ್ತ ಕಾಕಾ..." ಅವರ ಕಡೆ ತಿರುಗಿದ. "ತಿಂಗಳ ಕಡೀಕ ಫೋನು ನನಗ ಮಾಡ್ರಿ. ಎಷ್ಟ ಮಂದಿ ಅಂತ ಹೇಳ್ರಿ."

ಆಗ ಮಾತ್ರ ಖಂಡೆಪ್ಪ ಕಾಕಾ ಪಟಗಾ ಬಿಚ್ಚಿ, ಮುಖ ಒರೆಸಿಕೊಂಡು, ಮತ್ತೆ ಸುತ್ತಲು ಬಹಳ ಹೊತ್ತು ತೆಗೆದುಕೊಂಡರು. ಹೊರಡುವಾಗ ಮಂಗಳವಾರ ಕೂಸಿನ ಹೆಸರಿಡುತ್ತೇವೆ, ಬರಲೇಬೇಕು ಎಂದೆ. ನೋಡೋಣ್ರಿ ಎಂದರು.

ಡಿಸೆಂಬರ್ 2, ಮಂಗಳವಾರ. ಮಧ್ಯಾಹ್ನ 3.30

ತೊಟ್ಟಿಲು ಕಟ್ಟಿ ಆಯಿತು. ಕೂಸು ಮಲಗಿದೆ. ಹೆಸರಿನ ಬಗ್ಗೆ ಅಳಿಯನಿಗೂ ಯಲ್ಲವ್ವನಿಗೂ ಇನ್ನೂ ಜಗಳ. ಜನ ಬರಲು ಅರ್ಧ ಗಂಟೆ ಇದೆ. ಅಷ್ಟರಲ್ಲಿ ಎರಡು ಸಾಲು.

ಬೆಳಿಗ್ಗೆ ಶಿವಾನಿಗೆ ಹಾಲು, ಒಂದು ತುಂಡು ಕರದಂಟು ಕೊಟ್ಟೆ. ಡಬ್ಬಿಯ ಮುಚ್ಚಳ ತೆರೆದು ನೋಡಿದಳು. "ಇನ್ನಾ ಎಷ್ಟ ಐತಿ ನೋಡ, ಯವ್ವಾ. ತೀರಂಗ ಇಲ್ಲ." ತಿಂದು ಬೆರಳು ನೆಕ್ಕಿದಳು. ಸಣ್ಣವಳಿದ್ದಾಗಿನ ಹಾಗೇ.

ಡಬ್ಬಿ ಎತ್ತಿಡುವಾಗ ಸುಮ್ಮನೆ ಎಣಿಸಿದೆ. ಹೋದ ಮಂಗಳವಾರ ಬಂದ ಡಬ್ಬಿ. ದಿನಕ್ಕೊಂದು. ಮೂವತ್ತಮೂರು ಉಳಿದಿವೆ. ಕಿಲೋಕ್ಕೆ ನಲವತ್ತು, ಕಾಕಾ ಹೇಳಿದ ಲೆಕ್ಕ ಸರಿ. ಅಂದರೆ ಪಾವ್ ಕಿಲೋಕ್ಕೆ ಹತ್ತು.

ಹತ್ತು.

ಹುಕ್ಕೇರಿಯ ಕರದಂಟು ಅಂಗಡಿ. ಸಣ್ಣ ದನಿಯಲ್ಲಿ ಪಾವ್ ಕಿಲೋ ಕೇಳಿರಬೇಕು ನಮ್ಮವ್ವ, ಏನ್ ಹುಟ್ಟೇತಿ ಅಂದರೆ ಹೆಣ್ಣು ಅಂದಿರಬೇಕು. ಜೋಳದ ಕಣಜದ ಹಿಂದೆ ಡಬ್ಬಿ. ಅಪ್ಪನಿಗೂ ತೋರಿಸಲಿಲ್ಲ, ನನಗೂ ಹೇಳಲಿಲ್ಲ. ದಿನಾ ಒಂದು ತುಂಡು. ಅವ್ವನ ಕೈಯ ಬರಕತ್ ಎಂದು ಇಪ್ಪತ್ನಾಲ್ಕು ವರ್ಷ ಎಲ್ಲರ ಮುಂದೆ ಹೇಳಿಕೊಂಡು ಬಂದಿದ್ದೇನೆ. ಊರಿನ ಲೆಕ್ಕವೆಲ್ಲ ತಾಳೆ ನೋಡುವವಳು, ಹತ್ತು ತುಂಡು ನಲವತ್ತು ದಿನ ಹೇಗೆ ಬಂತು ಎಂದು ಒಮ್ಮೆಯೂ —

ಹೊರಗೆ ಚಪ್ಪಲಿ ಬಿಡುವ ಸದ್ದು. "ಬಾಯಾರ, ಅದೀರೇನ್ರಿ?" ಖಂಡೆಪ್ಪ ಕಾಕಾ. ಬಂದರು. ಮೊದಲು ಅವರಿಗೆ ನಮ್ಮವ್ವನ ಡಬ್ಬಿಯ ಮಾತು ಹೇಳಬೇಕು.